ಪಡೆದ ಕನೆಕ್ಷನ್ ಮರಳಿಸಿ



ನೀವು ಸ್ಕಾಲರ್‌ಶಿಪ್ ಅರ್ಜಿಗಾಗಿ ಜಾವಾದಲ್ಲಿ ಪುಟ್ಟ ವೆಬ್ ಅಪ್ಲಿಕೇಶನ್ ಬರೆಯುತ್ತೀರಿ ಎನ್ನೋಣ. ಡೇಟಾಬೇಸಿಗೆ ಒಂದೇ ಕನೆಕ್ಷನ್ ಇಟ್ಟು ಎಲ್ಲರಿಗೂ ಅದನ್ನೇ ಕೊಟ್ಟರೆ, ಒಬ್ಬನ ಕಮಿಟ್ ಇನ್ನೊಬ್ಬಳ ಅರ್ಧ ತುಂಬಿದ ಅರ್ಜಿಯನ್ನೂ ಉಳಿಸಿಬಿಡಬಹುದು. ಪ್ರತಿಯೊಬ್ಬರಿಗೂ ಹೊಸದು ತೆರೆದರೆ ಸಮಯ ವ್ಯರ್ಥ. ಮೈಎಸ್‌ಕ್ಯೂಎಲ್‌ನ ಮೂಲ ಮಿತಿಯೂ 151 ಮಾತ್ರ.

ಇದಕ್ಕೇ ಪೂಲ್ ಇರುವುದು. ಮಸೀದಿಯಲ್ಲಿ ವುಝೂ ಮಾಡುವ ಲೋಟಾಗಳನ್ನು ನೋಡಿ: ಹತ್ತು ಲೋಟಾ, ನೂರು ನಮಾಜಿಗಳು. ಬಳಸಿದವರು ಅಲ್ಲೇ ಇಟ್ಟು ಹೋಗುತ್ತಾರೆ, ಮನೆಗೆ ಒಯ್ಯುವುದಿಲ್ಲ! ಹಿಕಾರಿ ಎಂಬ ಪೂಲ್ ಲೈಬ್ರರಿಯ ಮೂಲ ಮಿತಿಯೂ 10. ಪೂಲಿನ ಕನೆಕ್ಷನ್‌ಗೆ 'ಕ್ಲೋಸ್' ಎಂದರೆ ಮುಚ್ಚುವುದಲ್ಲ, ಮರಳಿಸುವುದು. ನಡುವೆ ಎಕ್ಸೆಪ್ಶನ್ ಬಂದರೆ ಆ ಸಾಲು ತಪ್ಪಿಹೋಗುತ್ತದೆ. 2011ರ ಜಾವಾ 7ರಿಂದ ಇರುವ ಟ್ರೈ-ವಿತ್-ರಿಸೋರ್ಸಸ್ ಬಳಸಿರಿ. ಹತ್ತೂ ಮರಳದಿದ್ದರೆ ಹನ್ನೊಂದನೆಯ ವಿದ್ಯಾರ್ಥಿನಿ, ಅರ್ಜಿಯ ಕೊನೆಯ ದಿನ, 30 ಸೆಕೆಂಡು ಕಾದು ದೋಷದ ಸಂದೇಶವನ್ನಷ್ಟೇ ನೋಡುತ್ತಾಳೆ.