ಹಲ್ಲು ಮತ್ತು ವಸಡು: ದಿನನಿತ್ಯದ ಆರೈಕೆ

(ಸಂಘದ ಬೆಳ್ಳಿಹಬ್ಬದ ಆರೋಗ್ಯ ಸಭೆಯಲ್ಲಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ದಂತ ವೈದ್ಯರಾದ ನಮಗೆ ನಾಲ್ಕು ಮಾತನಾಡಲು ಅವಕಾಶ ಕೊಟ್ಟಿದ್ದೀರಿ. ಹಬ್ಬದ ದಿನ ಹಲ್ಲಿನ ಮಾತೇಕೆ ಅಂತ ಕೆಲವರಿಗೆ ಅನ್ನಿಸಬಹುದು. ಹೋಳಿಗೆ ಅಗಿಯೋಕ್ಕಾದರೂ ಹಲ್ಲು ಬೇಕಲ್ಲ!

ಗುಬ್ಬಿ, ಕುಣಿಗಲ್ ಕಡೆಯಿಂದ ತುಮಕೂರಿಗೆ ಹಲ್ಲು ತೋರಿಸಲು ಬರುವವರಲ್ಲಿ ಅನೇಕರು ಹೇಳುವ ಮಾತು ಒಂದೇ: "ಉಜ್ಜಿದರೆ ರಕ್ತ ಬರುತ್ತೆ ಸಾರ್, ಅದಕ್ಕೇ ಬ್ರಷ್ ಬಿಟ್ಟುಬಿಟ್ಟೆ." ಎಡವಟ್ಟಾಗುವುದು ಇಲ್ಲೇ. ಸಾಮಾನ್ಯವಾಗಿ ರಕ್ತ ಬರುವುದು ಉಜ್ಜಿದ್ದರಿಂದಲ್ಲ, ಸರಿಯಾಗಿ ಉಜ್ಜದೆ ಹಲ್ಲಿನ ಬುಡದಲ್ಲಿ ಪಾಚಿ ಕಟ್ಟಿ ವಸಡು ಊದಿಕೊಂಡಿರುವುದರಿಂದ. ಉಜ್ಜುವುದನ್ನು ಬಿಟ್ಟರೆ ಪಾಚಿ ಗಟ್ಟಿಯಾಗಿ ಕಲ್ಲಿನಂತಾಗುತ್ತದೆ, ಹಲ್ಲು ಹಿಡಿದಿರುವ ಮೂಳೆ ಸವೆಯುತ್ತದೆ. ಹೆಚ್ಚು ನೋವೂ ಇರುವುದಿಲ್ಲ. ಕೊನೆಗೆ ಹುಳುಕಿಲ್ಲದ ಹಲ್ಲೂ ಅಲ್ಲಾಡಿ ಉದುರುತ್ತದೆ. ಸವೆದ ಮೂಳೆ ತಾನಾಗಿ ಮತ್ತೆ ಬೆಳೆಯುವುದಿಲ್ಲ.

ಹಸುವಿಗೆ ಕೆಚ್ಚಲು ಬಾವು ಬಂದರೆ ನೀವು ಅವತ್ತೇ ಡಾಕ್ಟರನ್ನು ಕರೆಸುತ್ತೀರಿ. ಹಾಲಿನ ಕ್ಯಾನನ್ನು ಎರಡು ಹೊತ್ತೂ ತೊಳೆಯುತ್ತೀರಿ, ಇಲ್ಲದಿದ್ದರೆ ಹಾಲು ಒಡೆಯುತ್ತೆ ಅಂತ ನಿಮಗೆ ಗೊತ್ತು. ಬಾಯಿಗೂ ಅದೇ ನಿಯಮ. ಬೆಳಿಗ್ಗೆ ಒಂದು ಸಲ, ರಾತ್ರಿ ಮಲಗುವ ಮುನ್ನ ಒಂದು ಸಲ. ಎರಡರಲ್ಲಿ ರಾತ್ರಿಯದೇ ಮುಖ್ಯ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಉಳಿದ ಅನ್ನದ ಅಗುಳಿಗೆ ರಾತ್ರಿಯೆಲ್ಲ ಹಲ್ಲು ಕೆಡಿಸುವ ಪುರಸೊತ್ತು ಸಿಗುತ್ತದೆ.

ಮೆತ್ತನೆಯ ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು ಎರಡು ನಿಮಿಷ ನಿಧಾನವಾಗಿ ಉಜ್ಜಬೇಕು. ಬಟಾಣಿ ಕಾಳಿನಷ್ಟು ಪೇಸ್ಟು ಸಾಕು. ಇಟ್ಟಿಗೆ ಪುಡಿ, ಇದ್ದಿಲು, ಉಪ್ಪಿನ ಹರಳು ಹಾಕಿ ತಿಕ್ಕಿದರೆ ಹಲ್ಲಿನ ಮೇಲಿನ ಗಟ್ಟಿ ಪದರವೇ ಸವೆಯುತ್ತದೆ. ಬೇವಿನ ಕಡ್ಡಿ ಬಳಸುವವರು ತುದಿಯನ್ನು ಚೆನ್ನಾಗಿ ಜಗಿದು ಕುಂಚದಂತೆ ಮಾಡಿಕೊಳ್ಳಿ. ಮೂರು ತಿಂಗಳಿಗೊಮ್ಮೆ ಬ್ರಷ್ ಬದಲಿಸಿ. ಹೀಗೆ ಮಾಡಿಯೂ ಎರಡು ವಾರದಲ್ಲಿ ರಕ್ತ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆಯವರು ಅಷ್ಟು ದಿನವೂ ಕಾಯಬಾರದು. ವಸಡಿನ ರೋಗ ಸಕ್ಕರೆಯನ್ನು ಏರಿಸುತ್ತದೆ, ಸಕ್ಕರೆ ವಸಡನ್ನು ಕೆಡಿಸುತ್ತದೆ. "ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತೆ" ಎಂಬುದು ಸುಳ್ಳು. ಮೊದಲೇ ಸಡಿಲವಾದದ್ದು ಕಲ್ಲು ತೆಗೆದ ಮೇಲೆ ಗೊತ್ತಾಗುತ್ತದೆ, ಅಷ್ಟೇ.

ತಾಯಂದಿರಿಗೆ ಒಂದು ಮಾತು. ಆರನೇ ವಯಸ್ಸಿಗೆ ಹಾಲುಹಲ್ಲಿನ ಸಾಲಿನ ಹಿಂದೆ ಬರುವ ದವಡೆ ಹಲ್ಲು ಹಾಲುಹಲ್ಲಲ್ಲ. ಅದು ಹೋದರೆ ಮತ್ತೊಂದು ಹುಟ್ಟುವುದಿಲ್ಲ. ಏಳೆಂಟು ವರ್ಷದವರೆಗೆ ಮಕ್ಕಳ ಹಲ್ಲನ್ನು ದೊಡ್ಡವರೇ ಉಜ್ಜಿಸಬೇಕು. ನಮ್ಮ ಜಿಲ್ಲೆಯ ಪಾವಗಡದ ಕಡೆ ಕೊಳವೆ ಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿ ಹಲ್ಲು ಕಂದಾಗಿರುವುದನ್ನು ಕೇಳಿದ್ದೀರಿ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಕುದಿಸಿದರೆ ಅದು ಹೋಗುವುದಿಲ್ಲ. ನಿಮ್ಮೂರಿನ ಕುಡಿಯುವ ನೀರನ್ನೂ ಒಮ್ಮೆ ಪರೀಕ್ಷೆ ಮಾಡಿಸಿ.

ಇನ್ನು ಅಡಿಕೆ ಬೆಳೆಯುವ ನೆಲದಲ್ಲಿ ನಿಂತು ಹೇಳಲು ಕಷ್ಟವಾದರೂ ಹೇಳಲೇಬೇಕಾದ ಮಾತು. ಹೊಗೆಸೊಪ್ಪು ಸೇರಿಸದೆ ಬರೀ ಅಡಿಕೆ ಜಗಿದರೂ ಬಾಯಿ ಕ್ಯಾನ್ಸರ್ ಬರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ತನ್ನ ವರದಿಯಲ್ಲಿ ತಿಳಿಸಿದೆ. ಹೊಗೆಸೊಪ್ಪು, ಕಡ್ಡಿಪುಡಿ ಸೇರಿದರೆ ಅಪಾಯ ಇನ್ನೂ ಹೆಚ್ಚು. ಬೆಳೆ ಬೇರೆ, ಚಟ ಬೇರೆ. ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಬಾಯಿಗಿಟ್ಟು ನೋಡಿ. ಹೋಗದಿದ್ದರೆ, ಖಾರ ತಿಂದರೆ ಉರಿದರೆ, ಬಿಳಿ ಮಚ್ಚೆಯೋ ಹುಣ್ಣೋ ಎರಡು ವಾರವಾದರೂ ಮಾಯದಿದ್ದರೆ ತಡಮಾಡದೆ ಬನ್ನಿ. ತುಮಕೂರಿನಲ್ಲಿ ಜಿಲ್ಲಾ ಆಸ್ಪತ್ರೆಯಿದೆ, ಅಗಳಕೋಟೆಯಲ್ಲಿ ಶ್ರೀ ಸಿದ್ಧಾರ್ಥ ದಂತ ವೈದ್ಯಕೀಯ ಕಾಲೇಜಿದೆ. ನೋವು ಬರಲಿ ಅಂತ ಕಾಯಬೇಡಿ.

ಇಂದು ರಾತ್ರಿ ಊಟವಾದ ಮೇಲೆ ಮನೆಮಂದಿಯೆಲ್ಲ ಬ್ರಷ್ ಹಿಡಿದರೆ ನಮ್ಮ ಮಾತು ಸಾರ್ಥಕ. ಸಂಘವು ಇನ್ನೂ ಹೆಚ್ಚು ಏಳಿಗೆ ಹೊಂದಲಿ, ಸದಸ್ಯರೆಲ್ಲ ಸ್ವಂತ ಹಲ್ಲಿನಲ್ಲೇ ಸುವರ್ಣ ಮಹೋತ್ಸವದ ಊಟ ಮಾಡುವಂತಾಗಲಿ ಎಂದು ಹಾರೈಸಿ ನಮ್ಮ ಮಾತು ಮುಗಿಸುತ್ತೇವೆ.