ಸಗಣಿ ತೋರಿಸಿ, ಆಮೇಲೆ ಔಷಧಿ ಕುಡಿಸಿ

(ಹಾಲು ಹಾಕುವ ರೈತರ ಕೂಟವೊಂದರಲ್ಲಿ ಆಡಿದ ಮಾತು)



ಹಾಲಿನ ಬೆಲೆಯ ಮಾತು ಬಂದಾಗ ನಾವೆಲ್ಲ ಹಿಂಡಿ ಎಷ್ಟು, ಬೂಸ ಎಷ್ಟು, ಕೂಲಿ ಎಷ್ಟು ಅಂತ ಲೆಕ್ಕ ಹಾಕ್ತೀವಿ. ಹಾಕಲೇಬೇಕು. ಆದರೆ ಒಂದು ಬಾಬ್ತು ಬಿಟ್ಟುಹೋಗ್ತಿದೆ. ನಾವು ಕೊಂಡು ತಿನ್ನಿಸುವ ಹಿಂಡಿಯಲ್ಲಿ ಹಸುವಿನ ಪಾಲೆಷ್ಟು, ಅದರ ಹೊಟ್ಟೆಯೊಳಗಿನ ಹುಳುವಿನ ಪಾಲೆಷ್ಟು? ಸಾಲ ಮಾಡಿ ತಂದ ಹಸು ಹಾಲು ಕಡಿಮೆ ಮಾಡಿದರೂ ಸಾಲದ ಕಂತು ಕಡಿಮೆಯಾಗುವುದಿಲ್ಲ.

ನನ್ನದೇ ಕಥೆ ಹೇಳುತ್ತೇನೆ. ನಮ್ಮ ಕೊಟ್ಟಿಗೆಯ ಸೀಮೆಹಸು ತೆಳ್ಳಗೆ ಸಗಣಿ ಹಾಕುತ್ತಾ ಬಡವಾಯಿತು. ಅಂಗಡಿಯಿಂದ ಜಂತಿನ ಔಷಧಿ ತಂದು ಕುಡಿಸಿದೆ. ತಿಂಗಳು ಬಿಟ್ಟು ಮತ್ತೆ ಕುಡಿಸಿದೆ. ಗದ್ದದ ಕೆಳಗೆ ನೀರು ತುಂಬಿಕೊಂಡ ಮೇಲೆ ಸಗಣಿ ಪರೀಕ್ಷೆ ಮಾಡಿಸಿದೆ. ಒಳಗಿದ್ದದ್ದು ಈಲಿಹುಳು; ನಾನು ಕುಡಿಸಿದ್ದು ದುಂಡುಹುಳುವಿನ ಔಷಧಿ! ದುಡ್ಡೂ ಹೋಯಿತು, ಆ ಸೂಲಿನ ಹಾಲೂ ಹೋಯಿತು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಕೆರೆಕಟ್ಟೆಯ ಸೀಮೆ. ಕಣ್ವ, ಮಂಚನಬೆಲೆಯ ನೀರು ಇಳಿದಾಗ, ಊರ ಕೆರೆ ಬತ್ತಿದಾಗ, ಅಂಗಳದ ಹಸಿರು ಕಂಡು ದನ ಹೊಡೆಯುತ್ತೇವೆ. ಈಲಿಹುಳುವಿನ ಮೊಟ್ಟೆ ಸಗಣಿಯ ಜೊತೆ ನೀರಿಗೆ ಬೀಳುತ್ತದೆ. ಮರಿ ಬಸವನಹುಳುವಿನೊಳಗೆ ಬೆಳೆದು, ಹೊರಬಂದು, ನೀರಂಚಿನ ಹುಲ್ಲಿಗೆ ಅಂಟಿ ದನದ ಹೊಟ್ಟೆ ಸೇರುತ್ತದೆ. ಕುರಿಮೇಕೆಗೆ ರಕ್ತ ಹೀರುವ ದುಂಡುಹುಳುವಿನ ಕಾಟ. ಅದಕ್ಕೂ ಗದ್ದ ಊದುತ್ತದೆ, ಇದಕ್ಕೂ ಊದುತ್ತದೆ. ಬರಿಗಣ್ಣಿಗೆ ಗೊತ್ತಾಗದು. ಐವರ್ಮೆಕ್ಟಿನ್ ದುಂಡುಹುಳುವನ್ನು ಕೊಲ್ಲುತ್ತದೆ. ಈಲಿಹುಳುವಿಗೆ ತಾಕುವುದೇ ಇಲ್ಲ.

ರೇಷ್ಮೆ ಬೆಳೆಯುವ ನಮಗೆ ಸೂಕ್ಷ್ಮದರ್ಶಕ ಹೊಸದೇನಲ್ಲ. ತಾಯಿ ಚಿಟ್ಟೆಯನ್ನು ಅರೆದು, ಗಂಟುರೋಗ ಇಲ್ಲವೆಂದು ನೋಡಿ ಮೊಟ್ಟೆ ಕೊಡುತ್ತಾರೆ. 1860ರ ದಶಕದಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಕಲಿಸಿದ ಕ್ರಮ ಅದು. ಹುಳುವಿಗೆ ಮಾಡಿಸುವ ಪರೀಕ್ಷೆಯನ್ನು ಹಸುವಿಗೆ ಯಾಕೆ ಮಾಡಿಸಬಾರದು?

ಆದರೆ ಸಗಣಿ ಒಯ್ಯುವುದಕ್ಕೂ ಕ್ರಮವಿದೆ. ತಿಪ್ಪೆಯಿಂದ ಬಾಚಿ ತಂದರೆ ಮಣ್ಣಿನ ಹುಳುವೂ ಸೇರಿಕೊಂಡು ಲೆಕ್ಕ ತಪ್ಪುತ್ತದೆ. ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಗುದದಿಂದಲೇ ತೆಗೆಯಿರಿ. ಆಗದಿದ್ದರೆ, ಆಗತಾನೇ ಹಾಕಿದ ಸಗಣಿಯಲ್ಲಿ ನೆಲಕ್ಕೆ ತಾಕದ ಮೇಲ್ಭಾಗ ತೆಗೆದುಕೊಳ್ಳಿ. ದನದ್ದು ಸಣ್ಣ ನಿಂಬೆಹಣ್ಣಿನಷ್ಟು, ಕುರಿಮೇಕೆಯದು ಹತ್ತು ಹದಿನೈದು ಹಿಕ್ಕೆ ಸಾಕು. ಒಣಗಿದ ಶುದ್ಧ ಡಬ್ಬಿಗೆ ಬಾಯಿಮಟ್ಟ ತುಂಬಿ ಬಿಗಿಯಾಗಿ ಮುಚ್ಚಿ. ಗಾಳಿ, ಬಿಸಿ ಸಿಕ್ಕರೆ ದುಂಡುಹುಳುವಿನ ಮೊಟ್ಟೆ ಒಡೆದು ಮರಿಯಾಗುತ್ತದೆ. ಒಂದೊಂದು ರಾಸಿಗೆ ಒಂದೊಂದು ಡಬ್ಬಿ. ಮೇಲೆ ರಾಸಿನ ಗುರುತು, ವಯಸ್ಸು, ದಿನಾಂಕ, ಹಿಂದೆ ಯಾವಾಗ ಏನು ಕುಡಿಸಿದಿರಿ ಎಂದು ಬರೆಯಿರಿ. ಬಿಸಿಲಿಗೆ ಇಡದೆ ಅದೇ ದಿನ ಪಶು ಆಸ್ಪತ್ರೆಗೆ ಮುಟ್ಟಿಸಿ. ಮಾರನೆಯ ದಿನವಾದರೆ ಫ್ರಿಜ್ಜಿನಲ್ಲಿಡಿ, ಆದರೆ ಮಂಜುಗಡ್ಡೆ ಕಟ್ಟುವ ಖಾನೆಯಲ್ಲಿ ಬೇಡ. ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಇನ್ನೊಂದು ಮಾತು. ಉಪ್ಪುನೀರಿನಲ್ಲಿ ದುಂಡುಹುಳುವಿನ ಮೊಟ್ಟೆ ತೇಲುತ್ತದೆ. ಈಲಿಹುಳುವಿನ ಭಾರದ ಮೊಟ್ಟೆ ತಳ ಸೇರುತ್ತದೆ. ಎರಡಕ್ಕೂ ಪರೀಕ್ಷೆ ಬೇರೆ. ಆದ್ದರಿಂದ ದನ ಕೆರೆ ಅಂಗಳದಲ್ಲಿ ಮೇಯುತ್ತದೆ ಎಂದು ಡಾಕ್ಟರಿಗೆ ತಪ್ಪದೆ ಹೇಳಿ. ಈಲಿಹುಳು ಬಲಿತು ಮೊಟ್ಟೆಯಿಡಲು ಸುಮಾರು ಮೂರು ತಿಂಗಳು ಬೇಕು. ಹಾಗಾಗಿ ಒಂದು ಸಲ ‘ಇಲ್ಲ’ ಎಂದು ಬಂದರೆ ಅದೇ ಕೊನೆಯ ಮಾತಲ್ಲ. ರಾಸು ಸೊರಗುತ್ತಲೇ ಇದ್ದರೆ ಮತ್ತೆ ತೋರಿಸಿ.

ದುಂಡುಹುಳುವಿನ ಔಷಧಿ ಕೊಟ್ಟು ಹತ್ತು ಹದಿನಾಲ್ಕು ದಿನಕ್ಕೆ ಮತ್ತೊಮ್ಮೆ ಸಗಣಿ ಒಯ್ಯಿರಿ. ಮೊಟ್ಟೆ ಹಾಗೇ ಇದ್ದರೆ ಔಷಧಿ ಕೆಲಸ ಮಾಡಿಲ್ಲ ಎಂದರ್ಥ. ಅರೆಬರೆ ಅಳತೆಯಲ್ಲಿ ಒಂದೇ ಔಷಧಿ ಪದೇ ಪದೇ ಕುಡಿಸಿದರೆ ಹುಳು ಅದಕ್ಕೆ ಜಗ್ಗದಂತಾಗುತ್ತದೆ.

ಬೆಲೆ ಕೇಳುವುದನ್ನು ಬಿಡೋಣ ಎಂದು ನಾನು ಹೇಳುತ್ತಿಲ್ಲ. ಕೇಳೋಣ, ಗಟ್ಟಿಯಾಗಿಯೇ ಕೇಳೋಣ. ಆದರೆ ಅಂಗಡಿಗೆ ಹೋಗುವ ಮುಂಚೆ ಡಬ್ಬಿ ಹಿಡಿದು ಆಸ್ಪತ್ರೆಗೆ ಹೋಗೋಣ.