ಅದೃಷ್ಟದ ಸಂಖ್ಯೆಗೂ ವೋಚರ್ ಬೇಕು

ಇನ್‌ಸ್ಟಾಗ್ರಾಮ್‌ನಲ್ಲಿ ಗಿವ್‌ಅವೇ ನೋಡಿರ್ತೀರಿ. ಬಣ್ಣದ ಚಕ್ರ ತಿರುಗುತ್ತೆ, ಒಂದು ಹೆಸರು ಬರುತ್ತೆ, ವಿನ್ನರ್ ಇವರೇ ಅಂತಾರೆ. ಆ ಚಕ್ರ ಎಷ್ಟು ಸಲ ತಿರುಗಿಸಿ, ಬೇಕಾದ ಹೆಸರು ಬಂದ ವಿಡಿಯೊ ಮಾತ್ರ ಹಾಕಿದ್ರು ಅಂತ ನಮಗೆ ಹೇಗೆ ಗೊತ್ತಾಗಬೇಕು? ಒಂದು ಇಯರ್‌ಫೋನ್ ಆದ್ರೆ ಹೋಗ್ಲಿ ಬಿಡಿ. ಕೋಟಿಗಟ್ಟಲೆ ದುಡ್ಡಾದ್ರೆ?

ಅಮೆರಿಕದಲ್ಲಿ ಆಗಿದೆ. ಎಡ್ಡಿ ಟಿಪ್ಟನ್ ಅಂತ ಒಬ್ಬ. ಹಲವು ರಾಜ್ಯಗಳ ಲಾಟರಿ ಸಂಘದಲ್ಲಿ ಕಂಪ್ಯೂಟರ್ ಸುರಕ್ಷತೆ ನೋಡ್ಕೊಳ್ಳೋದೇ ಅವನ ಕೆಲಸ. ಬೇಲಿಯೇ ಎದ್ದು ಹೊಲ ಮೇಯ್ತು. ಡ್ರಾ ಸಂಖ್ಯೆ ತೆಗೆಯೋ ಸಾಫ್ಟ್‌ವೇರ್‌ನಲ್ಲಿ ಒಂದಿಷ್ಟು ಕೋಡ್ ಸೇರಿಸಿದ್ದ. ವರ್ಷದ ಮೂರು ದಿನಾಂಕ, ಅದೂ ಬುಧವಾರ ಅಥವಾ ಶನಿವಾರ ಬಿದ್ರೆ ಮಾತ್ರ, ಸಂಖ್ಯೆಗಳನ್ನ ಅವನು ಮೊದಲೇ ಊಹಿಸಬಹುದಿತ್ತು. ಉಳಿದ ದಿನ ಎಲ್ಲ ಸರಿಯಾಗೇ ನಡೀತಿತ್ತು. 2010ರ ಡಿಸೆಂಬರ್ 29ರ ‘ಹಾಟ್ ಲೊಟ್ಟೊ’ ಡ್ರಾ, ಬಹುಮಾನ 1.65 ಕೋಟಿ ಡಾಲರ್. ಅವನು ಸಿಕ್ಕಿಬಿದ್ದಿದ್ದು ಗಣಿತದಿಂದ ಅಲ್ಲ. ಟಿಕೆಟ್ ಕೊಂಡ ಅಂಗಡಿಯ ಸಿಸಿಟಿವಿಯಲ್ಲಿ ಹುಡ್ ಹಾಕ್ಕೊಂಡವನ ದನಿಯನ್ನ ಪರಿಚಯದವರು ಗುರುತು ಹಿಡಿದ್ರು! 2017ರಲ್ಲಿ 25 ವರ್ಷದವರೆಗಿನ ಜೈಲು ಶಿಕ್ಷೆ ಆಯ್ತು.

ನಾನು ಬಿಕಾಂ ಓದಿದವನು. ಆಡಿಟಿಂಗ್‌ನಲ್ಲಿ ಎಂಟ್ರಿ ಸರಿ ಕಂಡ್ರೆ ಸಾಲದು, ವೋಚರ್ ತೋರಿಸಬೇಕು. ರ‍್ಯಾಂಡಮ್ ಸಂಖ್ಯೆಯ ಕಷ್ಟವೂ ಇದೇ. 7, 19, 32 ಅಂತ ಬಂದ್ರೆ, ಬರೀ ಅದನ್ನ ನೋಡಿ ಮೋಸ ಹೇಳೋಕಾಗಲ್ಲ. ಅದು ಬಂದ ದಾರಿ ನೋಡಬೇಕು.

ಅದಕ್ಕೇ ‘ರ‍್ಯಾಂಡಮ್‌ನೆಸ್ ಬೀಕನ್’ ಅನ್ನೋದು ಇರೋದು. ಅಮೆರಿಕ ಸರ್ಕಾರದ ನಿಸ್ಟ್ ಸಂಸ್ಥೆಯ ಬೀಕನ್ ಪ್ರತಿ 60 ಸೆಕೆಂಡಿಗೆ 512 ಬಿಟ್‌ನ ಹೊಸ ಸಂಖ್ಯೆಯನ್ನ ಡಿಜಿಟಲ್ ಸಹಿ ಹಾಕಿ ಎಲ್ಲರ ಮುಂದೆ ಇಡುತ್ತೆ. ಒಂದೊಂದಕ್ಕೂ ಹಿಂದಿನದರ ಜೊತೆ ಕೊಂಡಿ ಇರುತ್ತೆ. ಹಳೆಯದನ್ನ ಮೆಲ್ಲಗೆ ತಿದ್ದಿದ್ರೆ ಮುಂದಿನದು ತಾಳೆ ಆಗಲ್ಲ.

ಸರಿ, ನಿಸ್ಟ್ ಒಳಗೇ ಒಬ್ಬ ಟಿಪ್ಟನ್ ಇದ್ರೆ? ನ್ಯಾಯವಾದ ಅನುಮಾನವೇ. 2019ರಲ್ಲಿ ಕ್ಲೌಡ್‌ಫ್ಲೇರ್, ಚಿಲಿ ವಿಶ್ವವಿದ್ಯಾಲಯ, ಸ್ವಿಟ್ಜರ್ಲೆಂಡಿನ ಇಪಿಎಫ್‌ಎಲ್ ಮುಂತಾದವರು ‘ಲೀಗ್ ಆಫ್ ಎಂಟ್ರೊಪಿ’ ಕಟ್ಟಿದ್ರು. ಬ್ಯಾಂಕ್ ಲಾಕರ್‌ಗೆ ಎರಡು ಕೀ ಬೇಕಲ್ಲ, ಹಾಗೆ. ಗುಟ್ಟಿನ ಕೀಯನ್ನ ತುಂಡು ತುಂಡಾಗಿ ಹಂಚಿಕೊಂಡಿರ್ತಾರೆ. ನಿಗದಿತ ಸಂಖ್ಯೆಯ ಸದಸ್ಯರು ಸೇರಿದ್ರೆ ಮಾತ್ರ ಹೊಸ ಸಂಖ್ಯೆ ಹುಟ್ಟುತ್ತೆ. ಅಷ್ಟೂ ಜನ ಒಳಗೊಳಗೇ ಕೈ ಜೋಡಿಸಿದ್ರೆ ಮುಂದಿನ ಸಂಖ್ಯೆ ಅವರಿಗೆ ಮೊದಲೇ ಗೊತ್ತಾಗುತ್ತೆ, ಅದು ನಿಜ. ಆದ್ರೆ ಒಬ್ಬನೇ ಉದ್ಯೋಗಿ ಏನೂ ಮಾಡೋಕಾಗಲ್ಲ. ನನಗೆ ಅಷ್ಟೇ ದೊಡ್ಡದು.

ನಮ್ಮಲ್ಲೂ ಆರ್‌ಟಿಇ ಸೀಟುಗಳನ್ನ ಆನ್‌ಲೈನ್ ಲಾಟರಿಯಲ್ಲಿ ಹಂಚ್ತಾರೆ. ಒಂದು ಮಗುವಿನ ಶಾಲೆ ಅಲ್ಲಿ ತೀರ್ಮಾನ ಆಗುತ್ತೆ. ಅಂಥ ಕಡೆ ಇದನ್ನ ಬಳಸೋದು ಹೀಗೆ: ಅರ್ಜಿದಾರರ ಪಟ್ಟಿಯನ್ನ ಕ್ರಮಸಂಖ್ಯೆ ಹಾಕಿ ಮೊದಲೇ ಪ್ರಕಟಿಸಬೇಕು. ಇಂಥ ದಿನ, ಇಷ್ಟು ಗಂಟೆಗೆ ಬರೋ ಬೀಕನ್ ಸಂಖ್ಯೆ, ಲೆಕ್ಕ ಹಾಕೋ ಸೂತ್ರ ಇದು ಅಂತ ಅದಕ್ಕಿಂತ ಮುಂಚೆಯೇ ಹೇಳಬೇಕು. ಆಮೇಲೆ ಯಾವ ಅಪ್ಪ ಅಮ್ಮ ಬೇಕಾದ್ರೂ ಮೊಬೈಲ್‌ನಲ್ಲೇ ಲೆಕ್ಕ ತಾಳೆ ನೋಡಬಹುದು. ಸಂಖ್ಯೆ ಬಂದಮೇಲೆ ಪಟ್ಟಿ ತಿದ್ದಿದ್ರೆ, ಇಲ್ಲ ‘ಸರ್ವರ್ ಪ್ರಾಬ್ಲಂ, ಇನ್ನೊಂದು ಸಲ’ ಅಂದ್ರೆ, ಬೀಕನ್ ಇದ್ದೂ ಇಲ್ಲದ ಹಾಗೆ.

ಹಾಂ, ಒಂದು ಮಾತು. ಈ ಸಂಖ್ಯೆ ಊರಿಗೆಲ್ಲ ಗೊತ್ತಿರೋದು. ಪಾಸ್‌ವರ್ಡ್‌ಗೋ ಕ್ರಿಪ್ಟೊ ವಾಲೆಟ್ ಕೀಗೋ ಬಳಸಬೇಡಿ. ಗುಟ್ಟಿನ ಕೀ ಮಾಡೋಕೆ ಇದನ್ನ ಬಳಸಬಾರದು ಅಂತ ನಿಸ್ಟ್ ಕೂಡ ಎಚ್ಚರಿಸಿದೆ.